ಕೈಲಾಗದವರ ಬೆಲ್ಟು

“ಕೈಲಾಗದೋನು ಬಂದ ಕಣ್ರೋ, ದಾರಿ ಬಿಡಿ!”

ಡ್ವೇನ್ ಪ್ರುವಿಟ್ ಕೂಗಿದ್ದು ಶೂಟಿಂಗ್ ರೇಂಜಿನಲ್ಲಿದ್ದ ಅಷ್ಟೂ ಜನಕ್ಕೆ ಕೇಳಿಸಿತು. ಶನಿವಾರ ಬೆಳಿಗ್ಗೆ. ಅಮೆರಿಕದ ಆರ್ಕನ್ಸಾ ರಾಜ್ಯದ ಆ ಪುಟ್ಟ ಕೌಂಟಿಯ ಅರ್ಧ ಗಂಡಸರು ಅಲ್ಲೇ ಇದ್ದರು. ಎಲ್ಲರೂ ನಕ್ಕರು.

ಗೇಟಿನ ಕಡೆಯಿಂದ ಬರುತ್ತಿದ್ದ ಓರ್ಲಿನ್ ನಿಂತ. “ಡ್ವೇನ್, ಗೇಟ್ ಹತ್ರ ನಿನ್ನನ್ನ ಕೇಳ್ಕೊಂಡು ಒಬ್ರು ಡಾ...”

“ಮೊದ್ಲು ನಿನ್ನ ಕೈಯಲ್ಲಿರೋ ಪೊರಕೆ ಏನು ಹೇಳು. ಕಸ ಗುಡಿಸೋಕೆ ಬಂದ್ಯಾ?”

ಮತ್ತೆ ನಗು. ಓರ್ಲಿನ್ ಪಕ್ಕದ ಬೆಂಚಿಗೆ ಸರಿದ. ಹೇಳಬೇಕಾದ ಮಾತು ಒಳಗೇ ಉಳಿಯಿತು.

ಅದು ಪೊರಕೆಯಲ್ಲ, ಅವನ ಹಳೆಯ ಪಿಸ್ತೂಲು. ಬಲಗೈಯ ಎರಡು ಬೆರಳನ್ನು ಮರ ಕೊಯ್ಯುವ ಮಿಲ್ಲು ತಿಂದುಹಾಕಿದ ಮೇಲೆ ಪಿಸ್ತೂಲು ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಅದನ್ನೊಂದು ಚೌಕಟ್ಟಿಗೆ ಕೂರಿಸಿ, ಹಿಂದೆ ಹೆಗಲಿಗೆ ಆಸರೆ ಕೊಟ್ಟು, ಮುಂದೆ ಕಾನೂನು ಕೇಳುವಷ್ಟು ಉದ್ದದ ನಳಿಗೆ ಹಾಕಿಸಿ ರೈಫಲ್ಲಿನಂಥ ಕಾರ್ಬೈನ್ ಮಾಡಿಸಿಕೊಂಡಿದ್ದ. ನೋಡಲು ಚೆನ್ನಾಗಿರಲಿಲ್ಲ, ನಿಜ.

ಡ್ವೇನ್ ಕೂಡ ಮಾಡಿಸಿದ್ದು ಅದನ್ನೇ. ಅವನದರ ನಳಿಗೆ ಮಾತ್ರ ಗಿಡ್ಡ. ಗಿಡ್ಡ ಇದ್ದಷ್ಟೂ ಗಂಡಸ್ತನ ಹೆಚ್ಚು ಅಂತ ಇವರು ಒಪ್ಪುವುದು ಇದೊಂದೇ ವಿಷಯದಲ್ಲಿ. ಹಿಂದೆ ಹೆಗಲಾಸರೆಯ ಬದಲು ಮುಂಗೈಗೆ ಬಿಗಿಯುವ ಬೆಲ್ಟು. ಕೈ ಕಳೆದುಕೊಂಡವರಿಗೆಂದು ಯಾರೋ ಪುಣ್ಯಾತ್ಮ ಮಾಡಿದ ಬೆಲ್ಟು ಅದು. ಮುಂಗೈಗೆ ಬಿಗಿದರೆ ಪಿಸ್ತೂಲು, ಹೆಗಲಿಗೆ ಒತ್ತಿದರೆ ಗಿಡ್ಡ ರೈಫಲ್ಲು. ಪಿಸ್ತೂಲಿಗೆ ಯಾರೂ ಪರವಾನಗಿ ಕಾಗದ ಕೇಳುವುದಿಲ್ಲ. ಕಾಗದವಿಲ್ಲದ ಗಿಡ್ಡ ರೈಫಲ್ಲಿಗೆ ಜೈಲು. ಎರಡೂ ಕೈ ಗಟ್ಟಿಯಾಗಿದ್ದವರೆಲ್ಲ ಆ ಬೆಲ್ಟು ಕೊಂಡಿದ್ದರು, ಹೆಗಲಿಗೆ ಒತ್ತಿ ಹೊಡೆಯುತ್ತಿದ್ದರು. ಬೆರಳಿಲ್ಲದ ಓರ್ಲಿನ್ ಒಬ್ಬನ ಹತ್ತಿರ ಅದು ಇರಲಿಲ್ಲ.

“ಸೋಮವಾರ ನಾನು ಡೆಪ್ಯುಟಿ ಶೆರಿಫ್ ಕಣೋ. ಆಮೇಲೆ ನನ್ನ ಮುಂದೆ ಇದನ್ನ ಹಿಡ್ಕೊಂಡು ಬಂದ್ರೆ ಒಳಗೆ ಹಾಕ್ತೀನಿ,” ಎಂದ ಡ್ವೇನ್. ಪೊಲೀಸ್ ಹ್ಯಾಟು ಆಗಲೇ ತಲೆಯ ಮೇಲಿತ್ತು. ಎದೆಗೆ ಚುಚ್ಚುವ ನಕ್ಷತ್ರದ ಬಿಲ್ಲೆಯೊಂದು ಬಾಕಿ.

ಬೆಂಚಿನ ಮೇಲೆ ಅವನ ಫೋನು ಮತ್ತೆ ಗುರುಗುಟ್ಟಿತು. ಗೊತ್ತಿಲ್ಲದ ನಂಬರು. ಬೋರಲು ಹಾಕಿದ. “ಎತ್ತಬಾರ್ದು. ಸರ್ಕಾರದೋರು ಕದ್ದು ಕೇಳ್ತಾರೆ. ಪಕ್ಕದ ಕೌಂಟೀಲಿ ಮೊನ್ನೆ ಫೆಡರಲ್‌ನೋರು ಮಫ್ತೀಲಿ ಬಂದು ಇಂಥ ಗಿಡ್ಡ ಗನ್ನಿಗೇ ಇಬ್ಬರನ್ನ ಎತ್ತಾಕ್ಕೊಂಡು ಹೋದ್ರಂತೆ.”

ಗನ್ನು ಎತ್ತಿ ಹೆಗಲಿಗೆ ಒತ್ತಿದ.

“ಡ್ವೇನ್ ಪ್ರುವಿಟ್ ಯಾರು?”

ಹಿಂದೆ ಬೂದು ಕೋಟಿನ ಮನುಷ್ಯ ನಿಂತಿದ್ದ, ಕೈಯಲ್ಲಿ ಚರ್ಮದ ಚೀಲ. “ಸರ್ಕಾರದ ಕಡೆಯಿಂದ ಬಂದೆ. ಒಂದು ಸಣ್ಣ ತಪಾಸಣೆ.”

ಡ್ವೇನನ ಗನ್ನು ಹೆಗಲಿಂದ ಜಾರಿ ಮುಂಗೈಗೆ ಬಂತು. ಸಾಲಿನುದ್ದಕ್ಕೂ ಚರ್ರ್, ಚರ್ರ್ ಎಂದು ಬೆಲ್ಟು ಬಿಗಿಯುವ ಸದ್ದು. ಕಣ್ಣು ಮಿಟುಕಿಸುವಷ್ಟರಲ್ಲಿ ಇಡೀ ರೇಂಜು ಅಂಗವಿಕಲವಾಯಿತು.

“ಅದೇನು ಕೈಗೆ ಕಟ್ಟಿಕೊಂಡಿರೋದು?”

“ಇದಿಲ್ದೆ ಹಿಡಿಯೋಕಾಗಲ್ಲ ಸರ್. ಕೈಲಿ ಶಕ್ತಿ ಇಲ್ಲ.”

“ಯಾವ ಕೈ?”

“ಬಲಗೈ.”

“ಯಾವಾಗಿಂದ?”

“ಹುಟ್ಟಿದಾಗಿಂದ ಸರ್!”

“ನನ್ನ ಬೆರಳು ಹಿಡಿದು ಜೋರಾಗಿ ಅಮುಕಿ.”

ಡ್ವೇನ್ ಬೆರಳುಗಳನ್ನು ಬಾಡಿದ ಸೊಪ್ಪಿನಂತೆ ಇಳಿಬಿಟ್ಟ.

“ಇಷ್ಟೇನಾ?”

“ಇಷ್ಟೇ ಸರ್. ಊಟ ಮಾಡೋವಾಗ ಚಮಚಾನೂ ಬಿದ್ದೋಗುತ್ತೆ. ಬೇಕಾದ್ರೆ ಇವರನ್ನ ಕೇಳಿ.”

ರೇಂಜಿನ ಒಡತಿ ಫ್ಲೋರೀನಮ್ಮ ಕಾಫಿ ಹೀರುತ್ತಾ ಕಿಟಕಿಯಿಂದಲೇ ಹೇಳಿದಳು. “ಹೌದು ಸ್ವಾಮಿ. ಅವನ ಕೈಲಿ ಏನೂ ಆಗಲ್ಲ. ಅವನ ಹೆಂಡ್ತೀನೂ ಅದನ್ನೇ ಹೇಳ್ತಾಳೆ.”

ಈ ಸಲ ಯಾರಿಗೂ ನಗುವ ಧೈರ್ಯವಿರಲಿಲ್ಲ.

“ಅಂದರೆ ನೀವು...” ಎಂದ ಬೂದು ಕೋಟಿನವನು ಡ್ವೇನನ ಕಡೆ ತಿರುಗಿ.

ಜೈಲಿಗೆ ಹೋದವನಿಗೆ ಯಾವ ಶೆರಿಫ್ ನಕ್ಷತ್ರ ಕೊಡುತ್ತಾನೆ? ಡ್ವೇನ್ ಎಲ್ಲರಿಗೂ ಕೇಳಿಸುವಂತೆ ಹೇಳಿದ. “ಕೈಲಾಗದೋನು ಸರ್. ನಾನು ಕೈಲಾಗದೋನು.”

ಬಂದವನು ಕನಿಕರದಿಂದ ತಲೆಯಾಡಿಸಿ ಹೊರಡಲು ತಿರುಗಿದ. ಗನ್ನನ್ನು ಮುಟ್ಟಿಯೂ ನೋಡಲಿಲ್ಲ. ಡ್ವೇನನಿಗೆ ಹೋದ ಜೀವ ಬಂತು.

“ಹಂಗಾದ್ರೆ ಸರ್, ನನ್ನ ಗನ್ನು ಸರಿಯಾಗಿದೆ ಅಲ್ವಾ?”

“ಗನ್ನಿನ ವಿಷಯ ನನಗೇನ್ರೀ ಗೊತ್ತು? ನಾನು ಮನುಷ್ಯರ ಡಾಕ್ಟರು. ಹೊಸ ಡೆಪ್ಯುಟಿ ಮೈಕೈ ಗಟ್ಟಿ ಇದ್ದಾನಾ ನೋಡ್ಕೊಂಡು ಬನ್ನಿ ಅಂತ ಶೆರಿಫ್ ಕಳಿಸಿದ್ರು. ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ ನೀವು. ಸೋಮವಾರ ಬರೋ ತೊಂದರೆ ತಗೋಬೇಡಿ.”

ಕಾರು ಧೂಳೆಬ್ಬಿಸಿ ಹೋಯಿತು. ಡ್ವೇನನ ಬೆಲ್ಟು ಇನ್ನೂ ಮುಂಗೈಯಲ್ಲೇ ಇತ್ತು. ಮೆಲ್ಲಗೆ ಓರ್ಲಿನ್ ಕಡೆ ತಿರುಗಿದ.

“ಆಗ ಏನೋ ಹೇಳೋಕೆ ಬಂದೆಯಲ್ಲೋ... ಗೇಟ್ ಹತ್ರ ಯಾರೋ ಅಂತ. ಅವರು ಯಾರು ಅಂತ ನಿಂಗೆ ಗೊತ್ತಿತ್ತಾ?”

ಓರ್ಲಿನ್ ಉಳಿದ ಮೂರು ಬೆರಳಲ್ಲಿ ಪೊರಕೆ ಎತ್ತಿ ಹೆಗಲಿಗಿಟ್ಟುಕೊಂಡು ಗೇಟಿನ ಕಡೆ ನಡೆದ.