ಕಂಬದ ಸುತ್ತಿನ ಬಿರುಕು

ದಿನವೂ ನಾಲ್ಕು ಗಂಟೆಗೆ ಭೂಮಿ ನಡುಗುತ್ತಿತ್ತು. ಎದುರಿನ ಬೀಮಿನ ಕಟ್ಟಡದವರು ಆಗ ಕಾಫಿ ಲೋಟ ಗಟ್ಟಿಯಾಗಿ ಹಿಡಿದುಕೊಂಡರೆ ಮುಗಿಯಿತು. ಚೂಡಾಮಣಿಯಿದ್ದ ಹದಿನಾಲ್ಕು ಮಹಡಿಯ ಕಟ್ಟಡಕ್ಕೆ ಬೀಮುಗಳಿರಲಿಲ್ಲ. ಸ್ಲ್ಯಾಬು ನೇರವಾಗಿ ಕಂಬಗಳ ಮೇಲೇ ಕೂತಿತ್ತು; ಕಂಬದ ಸುತ್ತ ಬಿರುಕು ಕೂಡಿದರೆ ಕಳಚಿ ಕೆಳಗಿನ ಮನೆಯ ಮೇಲೆ ಬೀಳುತ್ತಿತ್ತು. ಹಾಗಾಗಿ ಇಲ್ಲಿ ಯಾರೂ ಕಂಬದ ಬುಡದಲ್ಲಿ ಟೈಲ್ಸ್ ಹಾಕಿಸಿ ಬಿರುಕು ಮುಚ್ಚುವಂತಿರಲಿಲ್ಲ. ನಡುಕ ನಿಂತೊಡನೆ ಬಗ್ಗಿ, ನೆಲದ ಬಿರುಕು ಎಲ್ಲಿಯವರೆಗೆ ಬಂತೆಂದು ಪೆನ್ಸಿಲ್ಲಿನಿಂದ ಗುರುತು ಹಾಕಬೇಕು. ಅದು ಕಂಬದ ಸುತ್ತ ಪೂರ್ತಿ ಒಂದು ಸುತ್ತು ಬಂದಿತೋ, ಗಂಟೆ ಬಾರಿಸಿ ಮರುದಿನ ನಾಲ್ಕರೊಳಗೆ ಕಟ್ಟಡ ಖಾಲಿ ಮಾಡಬೇಕು.

ಇಂದಿನ ನಡುಕಕ್ಕೆ ಅವಳ ಸಾರಿನ ಪಾತ್ರೆಗೆ ಸೂರಿನಿಂದ ಸಿಮೆಂಟು ಪುಡಿ ಉದುರಿತು. ಆದರೂ ಮೇಲಿನವರು ಗಂಟೆ ಬಾರಿಸಲಿಲ್ಲ; ಅನುಮಾನಗೊಂಡು ಸುತ್ತಿಗೆ ಹಿಡಿದು ಮೇಲಿನ ಮನೆಗೆ ಹತ್ತಿದಳು. ಅಲ್ಲಿ ಶಾಂತವೀರಪ್ಪನವರ ಕಂಬದ ಸುತ್ತ ಹೊಸ ಟೈಲ್ಸ್ ಹೊಳೆಯುತ್ತಿದ್ದವು.

“ನಾಳೆ ಮನೆ ಕೊಳ್ಳೋರು ನೋಡೋಕೆ ಬರ್ತಾರಮ್ಮ. ಒಂದಿನ ತಡ್ಕೊಳ್ಳಿ,” ಎಂದರು ಅವರು.

“ನಿಮ್ಮ ನೆಲ ಅಂದ್ರೆ ನಮ್ಮನೆ ಸೂರು. ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ.”

ನಾಲ್ಕೇ ಏಟಿಗೆ ಟೈಲ್ಸ್ ಎದ್ದು ಬಂದವು. ಅಡಿಯಲ್ಲಿ ಬಿರುಕು ಕಂಬವನ್ನು ಬಳೆಯಂತೆ ಸುತ್ತಿ ಕೂಡಿಕೊಂಡಿತ್ತು.

ಚೂಡಾಮಣಿ ತುರುಬಿಗೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲ್ ತೆಗೆದು, ಬಿರುಕಿನ ಪಕ್ಕದಲ್ಲಿ ತಾರೀಕು ಬರೆದಳು.

“ಗಂಟೆ ನಾನು ಬಾರಿಸ್ತೀನಿ. ನಮ್ಮತ್ತೆಗೆ ನಡೆಯೋಕಾಗಲ್ಲ. ಯಾರಿಗೂ ಗೊತ್ತಾಗದ ಹಾಗೆ ಟೈಲ್ಸ್ ಹೊತ್ಕೊಂಡು ಬಂದ್ರಲ್ಲ, ಅದೇ ಹೆಗಲ ಮೇಲೆ ಅವ್ರನ್ನ ಹೊತ್ಕೊಂಡು ಇಳೀರಿ. ಹನ್ನೊಂದು ಮಹಡಿ ಇದೆ, ಈಗ್ಲೇ ಶುರು ಮಾಡಿ.”