ಲಕ್ಕಿ ಸೊಪ್ಪಿನ ವಾಸನೆ

"ಕೈ ತೋರ್ಸು," ಎಂದಳು ದಾಕ್ಷಾಯಿಣಿ.

ಮಗಳು ದೀಪಿಕಾ ಬಲಗೈ ಚಾಚಿದಳು.

"ಅದಲ್ಲ. ಇನ್ನೊಂದು."

ಎಡ ಮೊಣಕೈಯಿಂದ ಮುಂಗೈವರೆಗೆ ನೇರಳೆ ಹಣ್ಣು ಹಿಸುಕಿದಂತೆ ಕಂದಿತ್ತು. ದಾಕ್ಷಾಯಿಣಿಗೆ ಪಿತ್ತ ನೆತ್ತಿಗೇರಿತು. ಮೂರು ಗಂಡುಗಳನ್ನು ಒಲ್ಲೆ ಎಂದಿದ್ದ ಹುಡುಗಿ, ಮೊಳಕಾಲ್ಮೂರಿನ ಸೀರೆ ಅಂಗಡಿಯವರ ಸಂಬಂಧಕ್ಕೆ ಫೋಟೋ ಸಹ ಕೇಳದೆ ಹ್ಞೂಂ ಎಂದು ತಲೆಯಾಡಿಸಿದ್ದಳು. ಅವರು ನೋಡಲು ಬರುವುದು ಸೋಮವಾರ. ಇವತ್ತು ಗುರುವಾರ.

"ಅಪ್ಪಾಜೀದು ಟಿವಿಎಸ್ ಗಾಡಿ ಕಲೀತಿದ್ದೆ. ಕುದಾಪುರದ ಕಾವಲ್ನಾಗೆ ಬಿದ್ದೆ."

"ಹಸೆಮಣೆ ಏರು ಅಂದ್ರೆ ಟಿವಿಎಸ್ ಏರಿದ್ಯಾ? ಜೊತೆಗೆ ಯಾರಿದ್ರು?"

"ಕುರಿ ಇದ್ವು."

ಮಧ್ಯಾಹ್ನದ ಬಸ್ಸಿಗೆ ತಾಯಿ ಮಗಳು ಚಳ್ಳಕೆರೆಯಿಂದ ನನ್ನಿವಾಳಕ್ಕೆ ಹೊರಟರು. ನಾಟಿ ಔಷಧದ ಸೂರಮ್ಮ ಗಾಯ ನೋಡಿದ್ದೇ ತಡ, ಪಕ್ಕದಲ್ಲಿದ್ದ ಬಟ್ಟಲಿಂದ ಲಕ್ಕಿ ಸೊಪ್ಪಿನ ಮುದ್ದೆ ತೆಗೆದು ಮೆತ್ತಿದಳು.

"ಬೆಳಗ್ಗೆ ಒಬ್ರಿಗೆ ಅರೆದಿದ್ದು, ಉಳ್ದೈತೆ. ಈ ಗಾಡಿಗಳು ಬಂದ ಮ್ಯಾಲೆ ನನ್ನ ಒರಳಿಗೆ ಪುರುಸೊತ್ತಿಲ್ಲ ಕಣವ್ವ."

"ಸೋಮವಾರಕ್ಕೆ ವಾಸಿ ಆಗ್ತೈತಾ?"

"ಬಾವು ಇಳೀತೈತೆ. ಆದ್ರೆ ನಾಕನೇ ದಿನಕ್ಕೆ ನವೆ ಎದ್ದೇ ಏಳ್ತೈತೆ. ಲೋಳೆಸರ ಸವರ್ಕಬೇಕು. ಕೆರ್ಕಂಡ್ರೆ ಕಲೆ ಉಳೀತೈತೆ."

ಸೋಮವಾರ ದಾಕ್ಷಾಯಿಣಿ ಮಗಳಿಗೆ ಗಂಧದ ಸೋಪಿನಲ್ಲಿ ಎರಡು ಸಲ ಸ್ನಾನ ಮಾಡಿಸಿದಳು. ಸುಡುಬಿಸಿಲಲ್ಲಿ ತುಂಬುತೋಳಿನ ರವಿಕೆ ತೊಡಿಸಿದಳು. ಮೂಸಿ ನೋಡಿದಳು. ಸೊಪ್ಪಿನ ಘಾಟು ಹೋಗಿತ್ತು.

ಹುಡುಗ ಮಲ್ಲಿಕ್, ಅವನ ತಂದೆ ಓಂಕಾರಮೂರ್ತಿ ಪಡಸಾಲೆಗೆ ಬಂದು ಕೂತರು. ಕೂತ ಗಳಿಗೆಯಲ್ಲೇ ದಾಕ್ಷಾಯಿಣಿಯ ಮೂಗಿಗೆ ಲಕ್ಕಿ ಸೊಪ್ಪಿನ ವಾಸನೆ ಬಡಿಯಿತು. ಅಡುಗೆಮನೆಗೆ ಓಡಿದಳು.

"ಎಷ್ಟು ತೊಳೆದ್ರೂ ಹೋಗ್ಲಿಲ್ಲ ನೋಡೇ, ಪಡಸಾಲೆತನಕ ನಾರ್ತೈತೆ," ಎಂದು ಮಗಳ ಮೇಲೆ ಇನ್ನೊಂದು ಹಿಡಿ ಪೌಡರು ಸುರಿದಳು. ದೀಪಿಕಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳ ಹೆಗಲು ಕುಲುಕುತ್ತಿತ್ತು. ಪಾಪ, ಅಳುತ್ತಿದ್ದಾಳೆ ಎಂದುಕೊಂಡಳು ತಾಯಿ.

ಹೊರಗೆ ಬಂದು ನೋಡಿದರೆ ಹುಡುಗನ ಅವಸ್ಥೆ ಬೇರೆಯೇ ಇತ್ತು. ಎಮ್ಮೆ ಮರಕ್ಕೆ ಮೈ ಉಜ್ಜಿದಂತೆ ಎಡ ಭುಜವನ್ನು ಕಂಬಕ್ಕೆ ಉಜ್ಜುತ್ತಿದ್ದ. ಕಾಲರಿನೊಳಗೆ ಕೈ ತೂರಿಸಿದ. ಅಂಗಡಿ ವ್ಯಾಪಾರ ಹೆಂಗೈತೆ ಎಂದು ಕೇಳಿದರೆ "ಚೆನ್ನಾಗೈತ್ರಿ" ಎಂದು ಬೆನ್ನು ಕೆರೆದುಕೊಂಡ. ಕಣ್ಣು ಮುಚ್ಚಿ ಸುಖಪಟ್ಟ.

ದಾಕ್ಷಾಯಿಣಿ ಗಂಡ ತಿಪ್ಪೇರುದ್ರಪ್ಪನನ್ನು ಬಾಗಿಲ ಮರೆಗೆ ಎಳೆದಳು.

"ಹುಡುಗನಿಗೆ ಕಜ್ಜಿ ಐತೆ. ಬ್ಯಾಡ ಅಂದ್ಬಿಡ್ರಿ."

"ಮನೆಗೆ ಬಂದೋರಿಗೆ ಹೆಂಗೆ ಹೇಳ್ಲೇ? ಮೊದ್ಲು ಮಂಡಕ್ಕಿ ಆದ್ರೂ ತಿನ್ಲಿ."

"ನೀವು ಬಾಯಿ ಬಿಡೋದ್ರೊಳಗೆ ತಾಳಿ ಕಟ್ಟಿರ್ತಾನೆ."

ಅವಳೇ ಸೊಂಟಕ್ಕೆ ಸೆರಗು ಸಿಕ್ಕಿಸಿ ಪಡಸಾಲೆಯ ನಡುವೆ ನಿಂತಳು.

"ನೋಡ್ರಿ ಯಜಮಾನ್ರೆ, ನಮ್ದು ಒಳಗೊಂದು ಹೊರಗೊಂದು ಇಲ್ಲ. ನಿಮ್ಮ ಹುಡುಗನ ಮೈಮ್ಯಾಲೆ ಕಜ್ಜಿ ಐತೆ. ಈ ಸಂಬಂಧ ನಮಗೆ ಬ್ಯಾಡ."

ಮೆಣಸಿನಕಾಯಿ ಬಜ್ಜಿ ಹಿಡಿದಿದ್ದ ಓಂಕಾರಮೂರ್ತಿಯ ಕೈ ಬಾಯಿಯ ಹತ್ತಿರವೇ ನಿಂತಿತು. ಮಲ್ಲಿಕ್ ಏನೋ ಹೇಳಹೋಗಿ ಅಡುಗೆಮನೆಯ ಬಾಗಿಲ ಕಡೆ ನೋಡಿದ. ಓಂಕಾರಮೂರ್ತಿ ಬಜ್ಜಿಯನ್ನು ತಟ್ಟೆಗೆ ಹಾಕಿ, ಶಲ್ಯ ಕೊಡವಿ ಎದ್ದು ನಿಂತರು.

"ನಡಿಯಪ್ಪ. ಇಲ್ಲಿ ನಮಗೆ ಕೆಲ್ಸ ಇಲ್ಲ."

ಅವರು ಹೊಸ್ತಿಲು ದಾಟುವಷ್ಟರಲ್ಲಿ ಕಾಫಿ ತಟ್ಟೆ ಹಿಡಿದು ದೀಪಿಕಾ ಅಡ್ಡ ಬಂದಳು. ತಟ್ಟೆಯನ್ನು ಅಪ್ಪನ ಕೈಗೆ ಕೊಟ್ಟು, ರವಿಕೆಯ ಎಡ ತೋಳನ್ನು ಮೇಲಕ್ಕೆ ಸರಿಸಿದಳು.

"ಕಜ್ಜಿ ಅಲ್ಲವ್ವ. ಅವತ್ತು ಟಿವಿಎಸ್ ಮ್ಯಾಲೆ ನನ್ನ ಹಿಂದೆ ಕುಂತಿದ್ದು ಇವನೇ."