ಹಡಗು ಹಿಡಿಯುವವರು

"ನಿಮ್ಮ ಯುದ್ಧದ ಹಡಗನ್ನ ಕಳ್ಳರು ಹೈಜಾಕ್ ಮಾಡಿದ್ರ ಏನ್ ಮಾಡ್ತೀಯವ್ವ?" ಹುಡುಗನ ಸೋದರಮಾವ ಸಂಘಪಾಲ ಚಹಾದ ಬಸಿ ಕೆಳಗಿಡುತ್ತ ಕೇಳಿದ.

ಕಾಳಗಿಯಿಂದ ತೆಂಗಳಿಗೆ ಹೆಣ್ಣು ನೋಡಲು ಬಂದವರು. ರೊಟ್ಟಿ ಬಡಿಯಲು ಬರುತ್ತದೆಯೇ ಎಂದು ಆಗಲೇ ಕೇಳಿ ಮುಗಿದಿತ್ತು. ಹುಡುಗಿ ಮೈತ್ರಿ ನೌಕಾಪಡೆಯವಳು. ಎರಡು ವರ್ಷದಿಂದ ಯುದ್ಧನೌಕೆಯಲ್ಲಿ ರೇಡಾರ್ ಕಾಯುತ್ತಿದ್ದಳು, ಈಗ ರಜೆಗೆ ಬಂದಿದ್ದಳು. ಸಂಘಪಾಲನೋ ಕಾಗಿಣಾ ಹೊಳೆ ಬಿಟ್ಟರೆ ದೊಡ್ಡ ನೀರು ಕಾಣದ ಮನುಷ್ಯ. ಆದರೂ ಒಬ್ಬರಾದರೂ ಕೆಲಸದ ಬಗ್ಗೆ ಕೇಳಿದರಲ್ಲ ಎಂದು ಅವಳಿಗೆ ಖುಷಿಯಾಯಿತು.

"ಕಳ್ಳರು ಹಿಡಿಯೋದು ಸಾಮಾನಿನ ಹಡಗು ರೀ ಮಾಮಾ. ಅದರಾಗ ಮಂದಿ ಕಡಿಮಿ, ಕೈಯಾಗ ಬಂದೂಕ ಇರಲ್ಲ. ನಮ್ಮ ಹಡಗಿನ್ಯಾಗ ನೂರಾರು ಮಂದಿ. ಗುರುತಿಲ್ಲದ ದೋಣಿ ಹತ್ರ ಬಂದ್ರ ಮೊದ್ಲು ಮೈಕಿನ್ಯಾಗ ಹೇಳ್ತೀವಿ, ಕೇಳಲಿಲ್ಲಂದ್ರ ಗುಂಡು. ಹೆಂಗೋ ಏಣಿ ಹಾಕಿ ಹತ್ತಿದ್ರೂ ಅದನ್ನ ನಡಸ್ಲಿಕ್ಕಿ ಅವ್ರಿಗಿ ಬರಲ್ಲ."

"ಹೆಣ್ಮಕ್ಕಳು ಕಾವಲಿದ್ರೂ?"

ಮೈತ್ರಿಯ ಮೈ ಉರಿಯಿತು. "ಬಂದೂಕ ಹಾರಸ್ಲಿಕ್ಕಿ ಮೀಸಿ ಬೇಕಾಗಲ್ಲ ರೀ."

ಸಂಘಪಾಲ ನಕ್ಕ. "ಇರ್ಲಿ ಬಿಡವ್ವ, ಇನ್ನ ನಿನಗ್ಯಾಕ ಅದರ ಚಿಂತಿ? ಲಗ್ನಕ್ಕ ಮೊದ್ಲೇ ನೌಕರಿ ಬಿಡಸ್ತೀನಿ ಅಂತ ನಿಮ್ಮಪ್ಪ ಮಾತು ಕೊಟ್ಟಾರ. ಲಾಲಪ್ಪಣ್ಣ, ಸಕ್ಕರಿ ತರ್ರಿ, ಮಾತು ಗಟ್ಟಿ ಮಾಡಮು."

ಅವಳು ಅಪ್ಪನ ಕಡೆ ತಿರುಗಿದಳು. ಲಾಲಪ್ಪ ಅವಳ ಕಣ್ಣು ತಪ್ಪಿಸಿ ಸಕ್ಕರೆ ತಟ್ಟೆ ಎತ್ತಿಕೊಂಡ. ಅವಳನ್ನು ಒಂದು ಮಾತು ಕೇಳಿಲ್ಲ, ಹೇಳಿಲ್ಲ. ನೌಕರಿ ಸಿಕ್ಕಾಗ ಊರ ತುಂಬ ಪೇಢೆ ಹಂಚಿದ ಇದೇ ಅಪ್ಪ, ಅದನ್ನು ಎಲೆ ಅಡಿಕೆಯ ಹಾಗೆ ಬಂದವರ ಕೈಗಿಟ್ಟುಬಿಟ್ಟಿದ್ದ. ಹುಡುಗನಾದರೂ ಬಾಯಿ ಬಿಡಬಾರದೇ? ಆ ಪುಣ್ಯಾತ್ಮ ಮೊಬೈಲಿನಿಂದ ತಲೆ ಎತ್ತಲಿಲ್ಲ.

"ನಾ ನೌಕರಿ ಬಿಡಲ್ಲ," ಎಂದಳು. "ನನ್ನ ಕೇಳ್ದೇ ಹೆಂಗ ಮಾತು ಕೊಟ್ಟಿ ಅಪ್ಪಾ?"

"ಮಂದಿ ಮುಂದ ಮರ್ಯಾದಿ ಕಳೀಬ್ಯಾಡ." ಲಾಲಪ್ಪ ಹಲ್ಲು ಕಚ್ಚಿ ಹೇಳಿ, ಒಂದು ಚಿಟಿಕೆ ಸಕ್ಕರೆಯನ್ನು ಅವಳ ತುಟಿಯ ಹತ್ತಿರ ತಂದ. "ಬಾಯಿ ತೆರಿ. ಇವ್ರೇನು ಕಳ್ಳರಾ, ಹಿಂಗ ಸಿಟ್ಟಾಗ್ಲಿಕ್ಕಿ?"

ಮೈತ್ರಿ ಅಪ್ಪನ ಮುಂಗೈ ಗಟ್ಟಿಯಾಗಿ ಹಿಡಿದಳು.

"ಕಳ್ಳರು ಬಂದ್ರ ಏನ್ ಮಾಡ್ಬೇಕಂತ ಕಲಿಸ್ಯಾರ ಅಪ್ಪಾ. ಒಳಗಿನವ್ರೇ ಏಣಿ ಇಳಿಬಿಟ್ರ ಏನ್ ಮಾಡ್ಬೇಕಂತ ನನಗ ಯಾರೂ ಕಲಿಸಿಲ್ಲ."